ಪೇಢಾ ಬಿಡಲಿಲ್ಲ, ಉಣ್ಣಿ ಕಾಲು ಬಿಟ್ರು

ಪ್ರಾಗ್, ಕಸ್ಟಮ್ಸ್ ಮೇಜಿನ ಮುಂದ

ನನ್ನ ಬ್ಯಾಗಿನ್ಯಾಗ ಎರಡು ಮುಖ್ಯ ಸಾಮಾನು ಇದ್ವು. ಒಂದು, ಧಾರವಾಡ ಪೇಢಾದ ದೊಡ್ಡ ಡಬ್ಬಿ. ಇನ್ನೊಂದು, ಉಣ್ಣಿ ಕಾಲು. ನಗಬ್ಯಾಡ್ರಿ, ಖರೇ ಹೇಳಾಕತ್ತೇನಿ. ನಾಯಿ ಕಿವ್ಯಾಗ ಕಚ್ಚಿ ಹಿಡಕೊಂಡು ರಕ್ತ ಹೀರತಾವಲ್ಲ, ಆ ಉಣ್ಣಿಗಳ ಕಾಲು. ಸಣ್ಣ ಸಣ್ಣ ಟ್ಯೂಬಿನ್ಯಾಗ ಸ್ಪಿರಿಟ್ ಹಾಕಿ, ಧಾರವಾಡದಿಂದ ಚೆಕ್ ದೇಶದ ತನಕ ಹಸುಗೂಸಿನಂಗ ಎದಿಗೆ ಅವಚಿಕೊಂಡು ತಂದಿದ್ದೆ. ಅದರ ಜೋಡಿ ಉಣ್ಣಿ ಒಳಗಿನ ಬ್ಯಾಕ್ಟೀರಿಯಾದ ಡಿಎನ್ಎನೂ ಇತ್ತು. ಇದಕ್ಕೆಲ್ಲಾ ಪರವಾನಗಿ ತಗೊಳ್ಳಾಕ ಆಫೀಸಿನಿಂದ ಆಫೀಸಿಗೆ ತಿರುಗಿ ಚಪ್ಪಲಿ ಸವದಿದ್ವು. ಹಿಡೀತಾರ, ಕೇಳತಾರ, ಅಡ್ಡಗಾಲು ಹಾಕತಾರ ಅಂತ ವಿಮಾನದ ತುಂಬ ಉತ್ತರ ಬಾಯಿಪಾಠ ಮಾಡಿಕೋತ ಬಂದಿದ್ದೆ.

ಹಳದಿ ಮೀಸಿ ಅಧಿಕಾರಿ ಉಣ್ಣಿ ಕಾಲು ನೋಡಿದ, ಕಾಗದ ನೋಡಿದ, "ಸರಿ" ಅಂದ. ಅಷ್ಟ! ಆಮ್ಯಾಲೆ ಪೇಢಾ ಡಬ್ಬಿ ಮ್ಯಾಲೆ ಬೆರಳಿಟ್ಟ.

"ಇದು ಹಾಲಿಂದೇನು?"

"ಹೌದ್ರಿ, ಹಾಲಿಂದು. ಹಾಲು ಬತ್ತಿಸಿ, ಕೆಂಪಗ ಹುರದು..."

"ಹಾಲಿನ ಪದಾರ್ಥ ಹೊರಗಿನಿಂದ ತರೂಹಂಗಿಲ್ಲ."

"ಅಲ್ರೀ, ರಕ್ತ ಕುಡಿಯೂ ಉಣ್ಣಿ ನಡೀತೈತಿ, ಪೇಢಾ ನಡೆಯಂಗಿಲ್ಲ? ಒಂದು ತಿಂದರ ನೋಡ್ರಿ!"

ಅಂವ ಭಾಳ ಮರ್ಯಾದಿಂದ "ಥ್ಯಾಂಕ್ಯೂ" ಅಂದು, ಡಬ್ಬಿ ಒಯ್ದು ಕಸದ ಬುಟ್ಟ್ಯಾಗ ಒಗದ. ನನ್ನ ಹೊಟ್ಟಿ ಹೆಂಗ ಉರದಿರಬೇಕು ಹೇಳ್ರಿ. ಈ ಪ್ರವಾಸ ನೆಟ್ಟಗ ಆಗಂಗಿಲ್ಲ ಅಂತ ನನಗ ಅಲ್ಲೇ ಅನಿಸ್ತು.

ಮಾತಿಲ್ಲದ ಬಸ್ಸು

ಪ್ರಾಗ್‌ನಿಂದ ನಾ ಹೋಗಬೇಕಾದ ಸಣ್ಣ ಊರಿಗೆ ಬಸ್ಸು ಹಿಡದೆ. ದಿನಾ ಹುಬ್ಬಳ್ಳಿ-ಧಾರವಾಡ ಬಸ್ಸಿನ್ಯಾಗ ಓಡಾಡಿದ ನನ್ನಂಥಾಕಿಗೆ ಆ ಬಸ್ಸು ಅಂದ್ರ ಶಿಕ್ಷಾ. ಬಸ್ ತುಂಬಿತ್ತು, ಒಂದು ಪಿಟ್ ಅನ್ನೂ ಮಾತಿಲ್ಲ. ನಮ್ಮಲ್ಲೆ ಅರ್ಧಾ ದಾರಿ ನವನಗರ ಬರೂದರಾಗ ಬಾಜೂಕ ಕುಂತಾಕಿ ತನ್ನ ಸೊಸಿ ಕಥಿ ಪೂರಾ ಹೇಳಿ, ನನ್ನ ಸಂಸಾರದ ಕಥಿನೂ ತಗದಿರತಾಳ. ಇಲ್ಲೆ ಕೆಮ್ಮಿದ್ರೂ ತಿರುಗಿ ನೋಡತಾರ.

ಅಷ್ಟರಾಗ ನನ್ನ ಫೋನು ಹೊಡಕೊಂತು. ನಮ್ಮವರು.

"ಮುಟ್ಟಿದಿ ಏನು?"

"ಮುಟ್ಟೇನ್ರಿ," ಅಂದೆ ಸಣ್ಣ ದನ್ಯಾಗ.

"ಆಂ? ಕೇಳವಲ್ದು."

"ಮುಟ್ಟೇನಿ! ಬಲಗಿವಿಗೆ ಹಿಡೀರಿ! ಬಲಗಿವಿಗೆ!"

ಬಸ್ಸಿಗೆ ಬಸ್ಸ ತಿರುಗಿ ನೋಡ್ತು. ಒಬ್ಬಾಕಿ ಮುದುಕಿ ತುಟಿ ಮ್ಯಾಲೆ ಬೆರಳಿಟ್ಲು. ನಾ ಏನು ಮಾಡ್ಲಿ? ಬಲಗೈಯಾಗ ಸುಣ್ಣದ ಕಡ್ಡಿ, ಎಡಗೈಯಾಗ ಫೋನು ಹಿಡದು ರೂಢಿ ಆದ ಮನುಷ್ಯಾ. ಎಡಗಿವಿ ಹೋದ ಮ್ಯಾಲೂ ಕೈ ಅದ ಕಿವಿಗೆ ಹೋಗತೈತಿ.

ನಮ್ಮವರ ಹೆಸರು ದಾನಿಯೇಲ. ಸಾಲ್ಯಾಗ ಗಣಿತ ಕಲಸ್ತಾರ, ರವಿವಾರ ಚರ್ಚಿನ್ಯಾಗ ಕ್ವಾಯರ್, ಅಂದ್ರ ಹಾಡೂ ಗುಂಪು, ನಡಸತಿದ್ರು. ಎರಡು ವರ್ಷದ ಹಿಂದ ಅವರಿಗೆ ಜ್ವರ ಬಂತು. ಮೈ ಕೆಂಡ, ತಲಿನೋವು, ಅಂಗೈ ಅಂಗಾಲಿನ ತನಕ ಕೆಂಪು ಚುಕ್ಕಿ. ಒಬ್ಬ ಡಾಕ್ಟರು ಟೈಫಾಯಿಡ್ ಅಂದ್ರು, ಇನ್ನೊಬ್ಬರು ಡೆಂಗಿ ಅಂದ್ರು, ಮೂರನೇದವರು ವೈರಲ್ ಅಂದು ಕೈ ತೊಳಕೊಂಡ್ರು. ಜ್ವರ ತಾನ ಯಾವಾಗೋ ಇಳೀತು. ಹೋಗೂ ಮುಂದ ಎಡಗಿವಿ ತಗೊಂಡು ಹೋತು. ಎಡಕ್ಕ ನಿಂತ ಹೆಣ್ಣುಮಕ್ಕಳ ದನಿ ಕೇಳಸೂದಿಲ್ಲ ಅಂತ ಕ್ವಾಯರ್ ತಾವ ಬಿಟ್ಟುಕೊಟ್ರು. ಈಗ ಹಿಂದಿನ ಬೆಂಚಿನ್ಯಾಗ ಕುಂತು, ಬಾಯಿ ಮುಚ್ಚಿಕೊಂಡು, ಬೆರಳಲೆ ತಾಳ ಹಾಕತಾರ. ಅದನ್ನ ನೋಡಾಕ ನನ್ನ ಕೈಲೆ ಆಗಂಗಿಲ್ಲ.

ನಾ ಅಲ್ಲೀತನಕ ಕಾಲೇಜಿನ್ಯಾಗ ಹೊಲದ ಮಣ್ಣಿನ ಬ್ಯಾಕ್ಟೀರಿಯಾ ಪಾಠಾ ಹೇಳಾಕಿ. ಉಣ್ಣಿ ಬೆನ್ನು ಹತ್ತಿದ್ದು ಅವರ ಕಿವಿ ಸಲುವಾಗಿ. ಆವಾಗ ತಗದ ಅವರ ರಕ್ತ ಒಂದಿಷ್ಟು ನಮ್ಮ ಲ್ಯಾಬಿನ ಫ್ರೀಜರಿನ್ಯಾಗ ಇಟ್ಟಿದ್ದೆ. ಅದರಾಗ ಉಣ್ಣಿಯಿಂದ ಬರೂ ಬ್ಯಾಕ್ಟೀರಿಯಾದ ಡಿಎನ್ಎ ತುಣುಕು ಸಿಕ್ತು. ಭಾಳ ಸಣ್ಣ ತುಣುಕು, ಯಾವ ಜಾತಿ ಅಂತ ಹೇಳಾಕ ಸಾಲಲಿಲ್ಲ. ಆಮ್ಯಾಲೆ ನಾಯಿ ಉಣ್ಣಿ ಅರದು, ಅವುಗಳ ಒಳಗಿನ ಬ್ಯಾಕ್ಟೀರಿಯಾದ ಜೀನೋಮ್, ಅಂದ್ರ ಇದ್ದಷ್ಟೂ ಡಿಎನ್ಎ, ಪೂರಾ ಓದಿಸಿದ್ವಿ. ಗೊತ್ತಿದ್ದ ಎಲ್ಲಾ ಜಾತಿ ಜೋಡಿ ಕಂಪ್ಯೂಟರು ಹೋಲಿಸಿ ನೋಡ್ತು. ಹೊಂದಿಕಿಗೆ ಒಂದು ಗೆರಿ ಹಾಕಿರತಾರ, ಅದರ ಕೆಳಗ ಬಂದ್ರ ಹೊಸಾ ಜಾತಿ ಅಂತ ಲೆಕ್ಕ. ನಮ್ಮದು ಕೆಳಗ ಬಂತು.

ಹೊಸಾದು! ನಮ್ಮವರಿಗೆ ಹೇಳಿದ ದಿನಾ ಅವರ ಮಾರಿ ನೋಡಬೇಕಾಗಿತ್ತು. "ಹೌದಲ್ಲ ಮತ್ತ," ಅಂದ್ರು. "ಹೊಸಾದ ಇರಬೇಕು. ಇಲ್ಲಂದ್ರ ಅಷ್ಟು ಮಂದಿ ಡಾಕ್ಟರಿಗೆ ಗೊತ್ತಾಗತಿದ್ದಿಲ್ಲೇನು? ಯಾರದೂ ತಪ್ಪಲ್ಲ ಬಿಡು." ಅವತ್ತಿನಿಂದ ಅವರು ಚೊಲೋ ನಿದ್ದಿ ಮಾಡಾಕತ್ರು. ಅದು ಖರೇನ ಹೊಸಾದು, ಅವರ ರಕ್ತದಾಗ ಇದ್ದದ್ದೂ ಅದ ಅಂತ ಗಟ್ಟಿ ಮಾಡಿಕೊಂಡು ಬರಾಕ, ಆ ರಕ್ತದ ಡಿಎನ್ಎನೂ ತಗೊಂಡು ನಾ ಈ ದೇಶಕ್ಕ ಹೊಂಟಿದ್ದೆ.

ಮನಿಯಾಕಿ ಚಪ್ಪಲಿ

ನಾ ಇಳಕೊಂಡ ಮನಿಯಾಕಿ ಬಾಗಲದಾಗ ನನ್ನ ಬೂಟು ಬಿಡಿಸಿದ್ಲು. ಭೇಷ್, ನಮ್ಮಂಗ ಐತಿ ಅಂತ ಖುಷಿಲೆ ಬರಿಗಾಲಿಲೆ ಒಳಗ ಕಾಲಿಟ್ಟೆ. ಆಕಿ ಚೀರಿದ್ಲು! ಬರಿಗಾಲಿಲೆ ಬಂದ್ರ ಥಂಡಿ ಹತ್ತತೈತಂತ. ಬಂದವರಿಗೆ ಅಂತನ ಒಂದು ಬುಟ್ಟಿ ತುಂಬ ಬಟ್ಟಿ ಚಪ್ಪಲಿ ಇಟ್ಟಿದ್ಲು. ಯಾರ್ಯಾರು ಹಾಕ್ಕೊಂಡು ಬಿಟ್ಟ ಚಪ್ಪಲಿನೋ ಏನೋ, ಅವ ನನಗ. ಅದೂ ಒಂದು ದೊಡ್ಡದು, ಒಂದು ಸಣ್ಣದು. ಲ್ಯಾಬಿಗೆ ಹೋದ್ರ ಅಲ್ಲೂ ಹಂಗ. ಲಿಫ್ಟಿನ್ಯಾಗ ಹತ್ತಿದವರು ಗುರುತಿಲ್ಲದವರಿಗೆಲ್ಲಾ ನಮಸ್ಕಾರ ಅಂತಾರ, ಇಳಿಯೂ ಮುಂದ ಹೋಗಿ ಬರತೇವಿ ಅಂತಾರ, ನಡುವ ಒಂದು ಮಾತಿಲ್ಲ. ನಾ ಲಿಫ್ಟಿನ ಬಟನ್ ಎಣಿಸಿಕೋತ ನಿಲ್ಲತಿದ್ದೆ.

ಯಾನಾನ ಲ್ಯಾಬು

ಯಾನಾ ಅಂದ್ರ ಅಲ್ಲಿ ಜೀನೋಮ್ ನೋಡಾಕಿ. ಎತ್ತರ, ಸಪೂರ, ನಗೂದು ಕಡಿಮಿ. ಆಕಿ ಮಾತಾಡಿದ್ದು ಇಂಗ್ಲಿಷಿನ್ಯಾಗ, ನಾ ನಮ್ಮ ಮಾತಿನ್ಯಾಗ ಬರೀತೇನಿ. ಇಲ್ಲಂದ್ರ ಆಕಿ ಸಿಟ್ಟು ನಿಮಗ ತಿಳಿಯಂಗಿಲ್ಲ.

ನಮ್ಮ ಜೀನೋಮ್ ಪರದೆ ಮ್ಯಾಲೆ ತಗದು ಹೊತ್ತು ಹೋಗೂ ತನಕ ನೋಡಿದ್ಲು. ಆಮ್ಯಾಲೆ ಪೆನ್ಸಿಲ್ ಇಟ್ಟು ತೋರಿಸಿದ್ಲು.

"ಈ ಜೀನ್ ಒಂದು ಬ್ಯಾಕ್ಟೀರಿಯಾದಾಗ ಒಂದ ಇರಬೇಕು. ನಿಮ್ಮದರಾಗ ಎರಡು ಐತಿ. ಇದೂ ಒಂದ ಇರಬೇಕು, ಎರಡು ಐತಿ. ಇದೂ ಎರಡು. ಒಂದು ಟ್ಯೂಬಿನ್ಯಾಗ ಎಷ್ಟು ನಾಯಿಗಳ ಉಣ್ಣಿ ಹಾಕೀರಿ?"

"ಎರಡು ನಾಯಿದು."

"ಯಾಕ?"

ಯಾಕ ಅಂತ! ಏನು ಹೇಳಬೇಕು ಈಕಿಗೆ? ಒಂದು ನಾಯಿ ನಮ್ಮದು, ಬ್ರೌನಿ, ಧಾರವಾಡದ್ದು. ಇನ್ನೊಂದು ನಮ್ಮ ವಿಭಾಗದ ಮುಖ್ಯಸ್ಥರಾದ ಕುಲಕರ್ಣಿ ಸರ್ ಅವರದು, ಟೈಗರ್, ಹುಬ್ಬಳ್ಳಿದು. ಬ್ಯಾಕ್ಟೀರಿಯಾಕ್ಕ ಊರಿನ ಹೆಸರು ಇಡೂದು ಅಂತ ಮೊದಲ ಠರಾಯಿಸಿದ್ವಿ. ಸರ್ ಹುಬ್ಬಳ್ಳಿ ಹೆಸರು ಅಂದ್ರು, ನಾ ಧಾರವಾಡದ ಹೆಸರು ಅಂದೆ. ಜಾತಿ ಸಿಗೂಕಿಂತ ಮೊದಲ ಜಗಳ! ದೊಡ್ಡ ಆಫೀಸೆಲ್ಲಾ ನಿಮ್ಮಲ್ಲೇ ಆದ್ವು, ಬ್ಯಾಕ್ಟೀರಿಯಾನೂ ನಿಮಗ ಬೇಕೇನು ಅಂತ ನಾ ಅಂದೆ. ವಿದ್ಯಾಕಾಶಿ ಅಂತ ಮೊದಲ ಮೆರೀತೀರಿ, ಇದೊಂದು ನಮಗ ಇರಲಿ ಬಿಡ್ರಿ ಅಂತ ಅವರು. ಲ್ಯಾಬು ಎರಡು ಪಾರ್ಟಿ ಆತು. ಕಡೀಕ ಸರ್ ನಡುವಿನ ದಾರಿ ಹುಡುಕಿದ್ರು.

"ನೋಡ್ರಿ ಸುಶೀಲಾಬಾಯಿ, ಅವಳಿ ನಗರ ಅದ. ಅರ್ಧಾ ಅಲ್ಲಿದು, ಅರ್ಧಾ ಇಲ್ಲಿದು ಹಾಕೋಣು. ಹೆಸರೂ ಜೋಡಿ ಇಡೋಣು. ಯಾರಿಗೂ ಬ್ಯಾಸರ ಇಲ್ಲ."

ಎಲ್ಲಾರೂ ಭೇಷ್ ಅಂದ್ವಿ. ಟೈಗರ್ ಉಣ್ಣಿ ಎಷ್ಟೋ ಅಷ್ಟ ಬ್ರೌನಿ ಉಣ್ಣಿ ಎಣಿಸಿ ಒಂದ ಟ್ಯೂಬಿಗೆ ಹಾಕಿ ಅರದ್ವಿ. ಫಲಿತಾಂಶ ಬಂದ ದಿನಾ ಸರ್ ಪೇಢಾ ಹಂಚಿದ್ರು. ಹುಬ್ಬಳ್ಳಿ ಮನುಷ್ಯಾ, ಹಂಚೂ ಹೊತ್ತಿನ್ಯಾಗ ಧಾರವಾಡ ಪೇಢಾನ ಬೇಕಾತು ನೋಡ್ರಿ!

ಇದನ್ನೆಲ್ಲಾ ಯಾನಾಗ ಹೇಳಿದೆ. ಆಕಿ ಕನ್ನಡಕ ತಗದು ಕಣ್ಣು ಒರಸಿಕೊಂಡ್ಲು.

"ನಾವೂ ಬಾಜೂದ ದೇಶದವರೂ ಮೊದಲ ಸೇರಿ ಒಂದ ದೇಶ ಇದ್ವಿ. ಆಮ್ಯಾಲೆ ಬ್ಯಾರೆ ಆದ್ವಿ. ಜಗಳ ನಮಗೂ ಗೊತ್ತೈತಿ. ಆದ್ರ ಯಾರೂ ಉಣ್ಣಿ ಕೂಡಿಸಿ ಅರೀಲಿಲ್ಲ."

"ಅಂದ್ರ ಹೊಸಾ ಜಾತಿ ಅಲ್ಲೇನು?"

"ಎರಡು ಬ್ಯಾಕ್ಟೀರಿಯಾ ಕಲಸಿ ಒಂದ ಅಂತ ತೋರಿಸಿದ್ರ ಅದು ಯಾವುದಕ್ಕೂ ಹೊಂದಂಗಿಲ್ಲ. ಒಂದು ಹೊಸಾದು ಇರಬಹುದು, ಎರಡೂ ಇರಬಹುದು, ಯಾವುದೂ ಇಲ್ಲದಿರಬಹುದು. ಬಿಡಿಸಿ ನೋಡಬೇಕು."

ಬಿಡಿಸಾಕ ಬರತೈತಿ ಅಂದ್ಲು. ಡಿಎನ್ಎ ಉದ್ದುದ್ದ ಎಳಿ ಓದೂ ಮಷೀನು ಅವರ ಕಡೆ ಇತ್ತು. ಆದ್ರ ಯಾವುದು ಯಾವ ನಾಯಿದು ಅಂತ ಹೆಂಗ ತಿಳೀಬೇಕು? ಆವಾಗ ನೆನಪಾತು ನನ್ನ ಉಣ್ಣಿ ಕಾಲು. ಉಣ್ಣಿ ಯಾವ ನಮೂನಿದು ಅಂತ ಗುರುತು ಹಿಡಿಯಾಕ ಅರಿಯೂ ಮೊದಲ ಕಿತ್ತಿಟ್ಟಿದ್ವಿ, ಅವನ್ನ ತರ್ರಿ ಅಂತ ಯಾನಾನ ಹೇಳಿ ಕಳಿಸಿದ್ಲು. ಕಾಲಿಗೆ ಯಾರೂ ಹೆಸರಿನ ಜಗಳಾ ತಗದಿರಲಿಲ್ಲ. ಅದಕ್ಕ ಟೈಗರ್‌ದು ಒಂದು ಟ್ಯೂಬು, ಬ್ರೌನಿದು ಒಂದು ಟ್ಯೂಬು, ಬ್ಯಾರೆ ಬ್ಯಾರೆ ಉಳದಿದ್ವು. ಉಣ್ಣಿ ಕಾಲಿನ್ಯಾಗೂ ಬ್ಯಾಕ್ಟೀರಿಯಾ ಇರತೈತಿ.

ಸರ್‌ಗೆ ಫೋನ್ ಮಾಡಿದೆ. "ಎರಡು ಅವಂತ? ಮತ್ತೂ ಛಲೋ ಆತಲ್ಲ!" ಅಂದ್ರು. "ಒಂದು ನಮಗ, ಒಂದು ನಿಮಗ!" ನಾ ಹಣಿ ಹಣಿ ಬಡಕೊಂಡೆ.

ಅಣಬಿ ಕಾಡು

ಶನಿವಾರ ಊರಿಗೆ ಊರ ಬುಟ್ಟಿ ಹಿಡಕೊಂಡು ಕಾಡಿಗೆ ಹೊಂಟಿತ್ತು, ಅಣಬಿ ಆರಸಾಕ. ಯಾನಾ ನನ್ನೂ ಕರಕೊಂಡು ಹೋದ್ಲು. ಮಷೀನು ತನ್ನ ಕೆಲಸಾ ಮಾಡಾಕತ್ತೈತಿ, ನೀವು ಅದರ ಮುಂದ ಕುಂತ್ರ ಲಗೂ ಆಗಂಗಿಲ್ಲ ಅಂದ್ಲು. ನಾ ಕೆಂಪಗ, ಮ್ಯಾಲೆ ಬಿಳಿ ಚುಕ್ಕಿ ಇದ್ದ ಅಣಬಿ ಕಿತ್ತಿ ತಂದೆ. ಎಷ್ಟು ಚೆಂದ ಇತ್ತು! ಯಾನಾ ಅದನ್ನ ನನ್ನ ಕೈಯಿಂದ ತಗೊಂಡು ಒಗದು, ಕೈ ಒರಸಿಕೋ ಅಂತ ಕಾಗದ ಕೊಟ್ಲು. ಆಕಿ ಬುಟ್ಟ್ಯಾಗ ಇದ್ದುವು ಕಂದು ಬಣ್ಣದ, ಹುಳಾ ತಿಂದಂಗಿದ್ದ ಅಣಬಿ. ಅವನ್ನ ಹುರಕೊಂಡು ತಿನ್ನೂದಂತ.

ವಾಪಸ್ ಬಂದ ಮ್ಯಾಲೆ ಮನಿಯಾಕಿ ನಮ್ಮಿಬ್ಬರನ್ನೂ ಒಳಗ ಬಿಡಲಿಲ್ಲ. ಬಾಗಲದಾಗ ಕೀಲಿ ತೂಗಹಾಕೂ ಮೊಳಿ ಬಾಜೂಕ ಒಂದು ಸಣ್ಣ ಕೊಕ್ಕಿ ಜೋತು ಬಿದ್ದಿತ್ತು, ಉಣ್ಣಿ ಕೀಳಾಕ. ಕಿವಿ ಹಿಂದ, ಮೊಣಕಾಲ ಹಿಂದ, ಕೂದಲ ಬುಡದಾಗ ಎಲ್ಲಾ ನೋಡಿದ್ಲು. ನಮ್ಮ ಬಾಗಲದಾಗ ಜೋತು ಬಿದ್ದಿರೂದು ಲಿಂಬಿಹಣ್ಣು, ಮೆಣಸಿನಕಾಯಿ. ಉಣ್ಣಿ ಸಿಕ್ರ ಬೆರಳಿನ್ಯಾಗ ಚಿವುಟಿ ಕಲ್ಲಿಲೆ ಚಚ್ಚೂದು. ನಮ್ಮವರು ಬ್ರೌನಿ ಮುಂದ ಕುಂತು ಹಂಗ ಮಾಡತಿದ್ರು. ಸರ್ ಪುಣೆಕ್ಕ ಮದವಿಗೆ ಹೋಗಿ ಟೈಗರ್‌ನ ನಮ್ಮ ಮನ್ಯಾಗ ಬಿಟ್ರ ಅದರ ಉಣ್ಣಿನೂ ಅವರ ಆರಸತಿದ್ರು, ಹಾಡಿಕೋತ.

ಯಾನಾ ನಮ್ಮವರ ಜ್ವರದ ಸುದ್ದಿ ಹೇಳಿದ್ಲು, ಮನಿಯಾಕಿ ಏನೋ ಅಂದ್ಲು. ಯಾನಾ ತಿಳಿಸಿ ಹೇಳಿದ್ಲು. "ಇಲ್ಲೆ ಜ್ವರ ಅಂತ ಡಾಕ್ಟರ ಕಡೆ ಹೋದ್ರ ಮೊದಲ ಕೇಳೂದು ಉಣ್ಣಿ ಕಡದೈತೇನು ಅಂತ. ನಿಮ್ಮ ಯಜಮಾನರಿಗೆ ಕೇಳಿದ್ರೇನು ಅನ್ನಾಕತ್ತಾಳ."

ಮೂವರೂ ಡಾಕ್ಟರು ಕೇಳಿದ್ದು ಹೊರಗಿನ ನೀರು ಕುಡದೀರೇನು, ಪಾನಿಪುರಿ ತಿಂದೀರೇನು ಅಂತ. ನನಗ ಸಿಟ್ಟು ನೆತ್ತಿಗೇರ್ತು.

"ಕೇಳಿದ್ರೂ ಏನೂ ಆಗತಿದ್ದಿಲ್ಲ," ಅಂದೆ. "ಅದು ಹೊಸಾದು. ಅದಕ್ಕ ಔಷಧಾ ಏನು ಅಂತ ಯಾರಿಗೆ ಗೊತ್ತಿತ್ತು?"

"ಹೊಸಾದು ಅಂತ ಇನ್ನೂ ಗೊತ್ತಾಗಿಲ್ಲ," ಅಂದ್ಲು ಯಾನಾ. ಅವತ್ತು ಆಕಿ ಅಣಬಿ ನಾ ಮುಟ್ಟಲಿಲ್ಲ.

ಮತ್ತ ಯಾನಾನ ಲ್ಯಾಬು

ಮಷೀನು ಬಿಡಿಸಿಕೊಡ್ತು. ಎರಡು ಜೀನೋಮ್, ಎರಡೂ ಪೂರಾ. ಉಣ್ಣಿ ಕಾಲಿನ ಪರೀಕ್ಷಾದಿಂದ ಯಾವುದು ಯಾವ ನಾಯಿದು ಅಂತನೂ ತಿಳೀತು. ನಮ್ಮವರ ರಕ್ತದಾಗಿಂದ ಯಾನಾ ಇನ್ನಷ್ಟು ತುಣುಕು ಹೊರಗ ತಗದಿದ್ಲು. ಎಲ್ಲಾ ಸೇರಿಸಿ ಒಂದು ವಂಶವೃಕ್ಷ ತಗದು ಮುಂದಿಟ್ಲು.

"ಬ್ರೌನಿದು ಈ ಟೊಂಗಿ ಮ್ಯಾಲೆ ಒಂಟಿ ಐತಿ. ಹೊಸಾ ಜಾತಿ. ಧಾರವಾಡ. ಅಭಿನಂದನೆ."

ನನಗ ಕುಂತಲ್ಲೇ ಜಿಗೀಬೇಕನಿಸ್ತು. ಸರ್ ಮಾರಿ ಕಣ್ಣ ಮುಂದ ಬಂತು.

"ಮತ್ತ ರಕ್ತದ್ದು?"

ಯಾನಾ ಪೆನ್ಸಿಲ್ ಇನ್ನೊಂದು ಕಡೆ ಒಯ್ದಳು. ದೊಡ್ಡ ಗೊಂಚಲು ಇತ್ತು ಅಲ್ಲೆ, ಮೊದಲಿಂದ ಗೊತ್ತಿದ್ದ ಜಾತಿದು. ಅದರಾಗ ಟೈಗರ್‌ದು ಕುಂತಿತ್ತು. ಅದಕ್ಕ ಅಂಟಿಕೊಂಡು ನಮ್ಮವರದು.

"ಮತ್ತ ಮತ್ತ ನೋಡೇನಿ," ಅಂದ್ಲು. "ನಿಮ್ಮ ಹೊಸಾದು ಅವರ ರಕ್ತದಾಗ ಇಲ್ಲ. ಅದು ಯಾರಿಗೂ ಏನೂ ಮಾಡದ ಬ್ಯಾಕ್ಟೀರಿಯಾ ಇರಬಹುದು. ಅವರಿಗೆ ಬಂದದ್ದು ಇಂಡಿಯನ್ ಟಿಕ್ ಟೈಫಸ್. ನಿಮ್ಮ ದೇಶದ ಹೆಸರ ಐತಿ ಅದಕ್ಕ. ಭಾಳ ಹಳೇದು."

"ಔಷಧಾ?"

"ಡಾಕ್ಸಿಸೈಕ್ಲಿನ್. ಸಾದಾ ಗುಳಿಗಿ. ಮೊದಲ ಕೊಟ್ಟಿದ್ರ..." ಅಂದು ಆಕಿ ಪೆನ್ಸಿಲ್ ಕೆಳಗಿಟ್ಲು.

ಜ್ವರ ಬರೂ ಮುಂದ ಟೈಗರ್ ಒಂದು ವಾರ ನಮ್ಮ ಮನ್ಯಾಗ ಇತ್ತು. ಆ ನಾಯಿ ಉಣ್ಣಿ ಬೆರಳಿನ್ಯಾಗ ಚಿವುಟಿದ ಮನುಷ್ಯಾ ಇವರು. ನನಗ ಯಾರ ಮ್ಯಾಲೆ ಸಿಟ್ಟು ಮಾಡಬೇಕು ತಿಳೀಲಿಲ್ಲ. ನಾಯಿ ಮ್ಯಾಲೇನು, ಡಾಕ್ಟರ ಮ್ಯಾಲೇನು, ಇಷ್ಟು ದಿನಾ ಹೊಸಾದು ಹೊಸಾದು ಅಂತ ಕುಣದ ನನ್ನ ಮ್ಯಾಲೇನು? ಯಾನಾ ಕಾಫಿ ಮಾಡಿ ತಂದು ಮುಂದಿಟ್ಟು, ಅವರ ಮಂದಿ ರೂಢಿ ಪ್ರಕಾರ ಬಾಜೂಕ ಸುಮ್ಮನ ಕುಂತ್ಲು. ಅವತ್ತು ಆ ಸುಮ್ಮನಿರೂದು ನನಗ ತ್ರಾಸ ಆಗಲಿಲ್ಲ.

ಸರ್‌ಗೆ ಫೋನ್ ಮಾಡಿ ಹೇಳಿದೆ.

"ಹೊಸಾದು ಧಾರವಾಡದ್ದೇ?" ಅಂದ್ರು. ಆಮ್ಯಾಲೆ, "ಆಗ್ಲಿ ಬಿಡ್ರಿ, ಹೆಸರು ನಿಮ್ಮದ. ನಮ್ಮ ಹುಬ್ಬಳ್ಳಿದು?"

"ಹಳೇದು ಸರ್. ಎಲ್ಲಾರಿಗೂ ಗೊತ್ತಿದ್ದದ್ದು. ನಮ್ಮವರಿಗೆ ಬಂದದ್ದು ಅದ."

ಆ ಕಡೆ ಸರ್ ಹಿಂದ ಟೈಗರ್ ಬೊಗಳೂದು ಕೇಳಸ್ತು.

ತಿರುಗಿ ಅದ ಬಸ್ಸು

ಪ್ರಾಗ್‌ಗೆ ಹೋಗೂ ಬಸ್ಸಿನ್ಯಾಗ ಕುಂತಿದ್ದೆ. ನಾನ ಫೋನ್ ಮಾಡಬೇಕಾಗಿತ್ತು, ಮಾಡಿರಲಿಲ್ಲ. ಮನಿಗೆ ಹೋಗಿ ಎದುರಿಗೆ ಕುಂತು ಹೇಳಿದ್ರಾತು ಅಂತ ಮುಂದಕ್ಕ ಹಾಕಿಕೋತ ಬಂದಿದ್ದೆ. ಅವರು ತಡೀಲಿಲ್ಲ, ಅವರ ಮಾಡಿದ್ರು.

"ಏನಾತು? ಹೊಸಾದ ಹೌದಲ್ಲ?"

"ಹೊಸಾದು ಒಂದು ಸಿಕ್ಕೈತ್ರಿ. ಬ್ರೌನಿ ಉಣ್ಣ್ಯಾಗ. ಧಾರವಾಡದ ಹೆಸರು ಇಡತಾರ."

"ನಾ ಹೇಳಿದ್ನಲ್ಲ!" ಅಂದ್ರು. ದನ್ಯಾಗ ನಗಿ ಇತ್ತು. "ಅದ ನನಗ ಬಂದಿತ್ತಲ್ಲ?"

ನಾ ಕಿಡಕಿ ಕಡೆ ಮಾರಿ ಮಾಡಿದೆ. ಸಣ್ಣ ದನ್ಯಾಗ ಹೇಳಿದೆ. "ಇಲ್ರಿ. ನಿಮಗ ಬಂದದ್ದು ಬ್ಯಾರೆ. ಹಳೇದು."

"ಹಳೇದು? ಅಂದ್ರ ಅದಕ್ಕ ಹೆಸರು ಇತ್ತೇನು?"

"ಇತ್ತು."

"ಪುಸ್ತಕದಾಗ ಇತ್ತೇನು?"

"ಇತ್ರಿ."

ಅವರ ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಸಪ್ಪಳಾತು. ಗಾಬರಿ ಆದ್ರ ಅವರ ಕೈ ಹಳೇ ರೂಢಿಲೆ ಎಡಗಿವಿಗೇ ಹೋಗತೈತಿ.

"ಗುಳಿಗಿ ಇತ್ತೇನು ಅದಕ್ಕ?"

"ಇತ್ತು."

"ಆಂ? ಏನಂದಿ? ಕೇಳವಲ್ದು."

"ಇತ್ರಿ."

"ಸುಶೀಲಾ, ಜೋರಾಗಿ ಹೇಳವಾ. ಗುಳಿಗಿ ಇತ್ತೋ ಇಲ್ಲೋ?"

ಬಲಗಿವಿಗೆ ಹಿಡೀರಿ ಅನ್ನಾಕ ನನಗ ಬಾಯಿ ಬರಲಿಲ್ಲ. ಎದ್ದು ನಿಂತೆ. "ಇತ್ತು ರೀ!" ಅಂತ ಚೀರಿದೆ. "ಗುಳಿಗಿ ಇತ್ತು! ನಮ್ಮ ಓಣಿ ಮೆಡಿಕಲ್ ಅಂಗಡ್ಯಾಗ ಇತ್ತು!"

ಬಸ್ಸಿಗೆ ಬಸ್ಸ ತಿರುಗಿ ನೋಡ್ತು. ಈ ಸಲ ಯಾರೂ ತುಟಿ ಮ್ಯಾಲೆ ಬೆರಳಿಡಲಿಲ್ಲ.

"ಈಗ ಕೇಳಸ್ತು," ಅಂದ್ರು ನಮ್ಮವರು.